ಬಿಲ್ಲು ನಿಂತಾಗ ಬರುತ್ತಿದ್ದ ಮಾತು

ಮನುಷ್ಯನ ಹೆಸರನ್ನು ಬರಿಮೈಯಲ್ಲಿ ಬೀದಿಗೆ ಬಿಡುವುದು ನಮ್ಮ ಸೀಮೆಯಲ್ಲಿ ಯಾವ ಕಾಲಕ್ಕೂ ಮರ್ಯಾದೆ ಎನಿಸಿಕೊಂಡಿಲ್ಲ. ನಾನು ಹುಟ್ಟಿ ಬೆಳೆದ ಗಜೇಂದ್ರಗಡದಲ್ಲಿ, ಆಗಿನ ಕಾಲಕ್ಕೆ, ಕಚೇರಿಯಿಂದ ಬರುವ ಒಂದು ಸಾಲಿನ ಅಪ್ಪಣೆಗೂ ಮುಂದೆ ರಾಜಮಾನ್ಯ ರಾಜಶ್ರೀ ಎಂದು ಒಂದು ಮೆರವಣಿಗೆ ಹೊರಡುತ್ತಿತ್ತು. ಹೆಸರು ಎಂಬ ಬಡಪಾಯಿ ಅದರ ಬಾಲದಲ್ಲಿ ಏದುಸಿರು ಬಿಡುತ್ತ ಬರುತ್ತಿತ್ತು. ನಮ್ಮ ಮನೆಯಲ್ಲಿ ಸತ್ತ ಹಿರಿಯರೆಲ್ಲ ಲಿಂಗೈಕ್ಯರು, ಬದುಕಿದ ಕಿರಿಯರೆಲ್ಲ ಚಿರಂಜೀವಿಗಳು. ನಾನೂ ಬಹಳ ವರ್ಷ ಚಿರಂಜೀವಿಯಾಗಿದ್ದೆ. ಈಗ ನನ್ನನ್ನು ಹಾಗೆ ಕರೆಯಬೇಕಾದವರು ಒಬ್ಬರೂ ಉಳಿದಿಲ್ಲ. ಮುಂದಿನ ಬಡ್ತಿ ಯಾವುದೆಂದು ನನಗೂ ಮನೆಯವರಿಗೂ ಗೊತ್ತಿದೆ. ಸಭ್ಯತೆಗಾಗಿ ಯಾರೂ ಆ ಮಾತು ಎತ್ತುವುದಿಲ್ಲ.

ಆದರೆ ಹೆಸರಿನ ಹಿಂದೆ ಬರುವ ಮಾತಿನ ತೂಕ ನನಗೆ ತಿಳಿದದ್ದು ನಮ್ಮ ಮನೆಯಲ್ಲಲ್ಲ, ಕಚೇರಿಯಲ್ಲಂತೂ ಅಲ್ಲ. ನಮ್ಮ ಅರಿವೆ ಅಂಗಡಿಯ ಎದುರಿಗೆ, ಓಣಿಯ ಆಚೆ ಮಗ್ಗುಲಿಗೆ ಇದ್ದ ಪಿಂಜಾರರ ಮನೆಯಿಂದ.

ಅಣ್ಣತಮ್ಮಂದಿರಿಬ್ಬರು. ಊರೆಲ್ಲ ಅವರನ್ನು ದೊಡ್ಡ ಪಿಂಜಾರ, ಸಣ್ಣ ಪಿಂಜಾರ ಎನ್ನುತ್ತಿತ್ತು. ಹತ್ತಿ ಹಿಂಜುವುದು, ಗಾದಿ ತುಂಬುವುದು, ದಿಂಬು ಹೊಲಿಯುವುದು ಅವರ ಕಸಬು. ಮನೆಮಾತು ನಮ್ಮದೇ ಕನ್ನಡ. ಪಡಸಾಲೆಯ ತೊಲೆಗೆ ತೂಗುಬಿಟ್ಟ ಆಳುದ್ದದ ಬಿಲ್ಲು, ಅದಕ್ಕೆ ಬಿಗಿದ ನರದ ಹೆದೆ. ಹೆದೆಯನ್ನು ಹತ್ತಿಯ ಗುಡ್ಡೆಯಲ್ಲಿ ಅದ್ದಿ ಮರದ ಕೊಡತಿಯಿಂದ ಬಡಿದರೆ ಠಂಯ್ ಎಂದು ಓಣಿಯೆಲ್ಲ ಮಿಡಿಯುತ್ತಿತ್ತು, ಹತ್ತಿ ಹೊಗೆಯಂತೆ ಮೇಲೇಳುತ್ತಿತ್ತು. ಆ ಹೊಗೆಯ ನಡುವೆ ದೊಡ್ಡ ಪಿಂಜಾರ ಕಾಕಾ ಗಡ್ಡ ಯಾವುದು ಹತ್ತಿ ಯಾವುದು ತಿಳಿಯದ ಹಾಗೆ ಕೂತಿರುತ್ತಿದ್ದರು.

ಕಾಕಾ ಕೆಲಸ ಮಾಡುತ್ತಲೇ ಕಥೆ ಹೇಳುವವರು. ಗಾದಿ ಹಾಕಿಸಲು ಬಂದವರು, ಅಂಗಡಿಯಲ್ಲಿ ಗಿರಾಕಿ ಇಲ್ಲದ ನಮ್ಮಂಥವರು, ಯಾರು ಕೂತರೆ ಅವರಿಗೆ. ಹಡಗು ಕಟ್ಟಿದ ಪ್ರವಾದಿಯ ಕಥೆ, ಅಣ್ಣಂದಿರೇ ಬಾವಿಗೆ ನೂಕಿದ ಪ್ರವಾದಿಯ ಕಥೆ, ಕಾಡಿನಲ್ಲಿ ಕೂತು ಹುಲಿಗೆ ಬುದ್ಧಿ ಹೇಳಿದ ಸಂತರ ಕಥೆ. ಕೊಡತಿಯ ಪೆಟ್ಟಿಗೂ ಕಥೆಗೂ ತಾಳ ಕೂಡುತ್ತಿತ್ತು. ಆದರೆ ಪೂಜ್ಯರ ಹೆಸರು ಬಂತೆಂದರೆ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಪೈಗಂಬರರ ಹೆಸರು ಬಂದರೆ ಕೊಡತಿಯನ್ನು ನೆಲಕ್ಕಿಟ್ಟು, ಬಲಗೈ ಎದೆಗಿಟ್ಟು, 'ಸಲ್ಲಲ್ಲಾಹು ಅಲೈಹಿ ವಸಲ್ಲಂ' ಎಂದು ಒಂದಕ್ಷರವೂ ನುಂಗದೆ ಪೂರ್ತಿ ಹೇಳಿ, ಒಂದು ಉಸಿರು ಬಿಟ್ಟು, ಆಮೇಲೆ ಕೊಡತಿ ಎತ್ತುವುದು. ಬೇರೆ ಪ್ರವಾದಿಗಳಿಗೆ 'ಅಲೈಹಿಸ್ಸಲಾಂ', ಕೊಡತಿ ಕೈಯಲ್ಲೇ ಇರುತ್ತಿತ್ತು, ತಲೆ ಮಾತ್ರ ಬಾಗುತ್ತಿತ್ತು. ಪೈಗಂಬರರ ಸಂಗಡಿಗರಿಗೆ 'ರಜಿಯಲ್ಲಾಹು ಅನ್ಹು'. ತೀರಿಹೋದ ಸಂತರಿಗೆ 'ರಹಮತುಲ್ಲಾಹಿ ಅಲೈಹಿ', ಅದಾದ ಮೇಲಿನ ಮೊದಲ ಪೆಟ್ಟು ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ಮೆಲ್ಲಗೆ.

ಹೀಗಾಗಿ ಓಣಿಯ ಈಚೆ ಅಂಗಡಿಯಲ್ಲಿ ಕೂತ ನಮಗೆ ಒಂದು ವಿದ್ಯೆ ಹತ್ತಿತ್ತು. ಮಾತು ಕೇಳಿಸದಿದ್ದರೂ ಬಿಲ್ಲು ನಿಂತ ಹೊತ್ತಿನ ಉದ್ದ ನೋಡಿ ಯಾರ ಹೆಸರು ಬಂತೆಂದು ಹೇಳಬಲ್ಲೆವು. ಅಪ್ಪ ಅರಿವೆ ಅಳೆಯುತ್ತ, ಗಿರಾಕಿಗೆ ಗಂಭೀರವಾಗಿ, "ಹಡಗಿನ ಕಥಿ ನಡದೈತಿ, ಇನ್ನ ಮಳಿ ಶುರು ಆಗಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. ಮುಶಿಗೇರಿಯ ರೈತನೊಬ್ಬ ಇದನ್ನು ಯಕ್ಷಿಣಿಯೆಂದು ನಂಬಿ, ತನ್ನ ಕಳೆದ ಎತ್ತು ಎಲ್ಲಿದೆಯೆಂದು ಅಪ್ಪನನ್ನು ಕೇಳಿದ್ದುಂಟು.

ಆ ಮಾತುಗಳ ಅರ್ಥವನ್ನು ಕಾಕಾ ನಮಗೆ ಬಿಡಿಸಿ ಹೇಳಿದ್ದರು. ಶಾಂತಿ ಇರಲಿ, ಮೆಚ್ಚುಗೆ ಇರಲಿ, ಕರುಣೆ ಇರಲಿ ಎಂದು ದೇವರನ್ನು ಕೇಳಿಕೊಳ್ಳುವುದು. ಅಪ್ಪ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ಅಂದ್ರ ನಮ್ಮದು ಬಿರುದು, ನಿಮ್ಮದು ಅರ್ಜಿ."

"ಹೌದ್ರಿ ಸಾವಕಾರ್ರ. ಅರ್ಜಿ ಬಡಕೋತ ಕೊಡಬಾರ್ದು. ಕೈ ನಿಲ್ಲಬೇಕು, ಆಮ್ಯಾಲ ನಾಲಗಿ ಏಳಬೇಕು. ನಮ್ಮ ತಮ್ಮಗ ಇದು ತಿಳಿವೊಲ್ದು."

ತಮ್ಮನಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ಸಣ್ಣ ಪಿಂಜಾರ ಭಕ್ತಿಯಲ್ಲಿ ಅಣ್ಣನಿಗೆ ಕಡಿಮೆಯವನಲ್ಲ, ಆದರೆ ಅವಸರದವನು. ಠಂಯ್ ಠಂಯ್ ಎಂದು ಬಡಿಯುತ್ತಲೇ ಹೇಳಿ ಮುಗಿಸುತ್ತಿದ್ದ. ಅಣ್ಣ ಒಳಗಿನಿಂದ, "ಕೈ ನಿಲ್ಸೋ" ಎಂದು ಕೂಗಿದರೆ, "ನಿಲ್ಸಿದ್ರ ಹತ್ತಿ ಗಾಳಿಗೆ ಹೊಕ್ಕೈತಣ್ಣಾ" ಎನ್ನುತ್ತಿದ್ದ. ಕಾಕಾ ಮಾತ್ರ, ದಿನದ ಕೆಲಸ ಸುರುಮಾಡುವ ಮೊದಲು ಹೆದೆಯನ್ನು ಒಂದೇ ಒಂದು ಸಲ ಮಿಡಿದು, ಕೊಡತಿ ಕೆಳಗಿಟ್ಟು, ಪೈಗಂಬರರನ್ನು ನೆನೆದು ಆ ಮಾತು ಹೇಳಿ, ಆಮೇಲೆಯೇ ಬಡಿಯಲು ಕೂರುತ್ತಿದ್ದರು. ಒಂದು ಠಂಯ್, ಉದ್ದನೆಯ ಮೌನ, ಆಮೇಲೆ ಮಳೆ ಹಿಡಿದ ಹಾಗೆ. ನಮ್ಮ ಓಣಿಗೆ ಬೆಳಗಾಗುತ್ತಿದ್ದುದು ಹಾಗೆ.

ನರಗುಂದದಲ್ಲಿ ಕಂಪನಿ ಸರಕಾರದ ವಿರುದ್ಧ ಗದ್ದಲವಾಗುವುದಕ್ಕೆ ಕೆಲವು ವರ್ಷ ಮುಂಚೆ ಕಾಕಾ ಹಜ್ಜಿಗೆ ಹೊರಟರು. ಆಗಿನ ಹಜ್ ಎಂದರೆ ಮುಂಬಯಿಯ ತನಕ ಕಾಲು, ಆಮೇಲೆ ಹಾಯಿ, ಆಮೇಲೆ ದೇವರು. ನಾವೆಲ್ಲ ಊರ ಅಗಸಿಬಾಗಿಲ ತನಕ ಹೋಗಿ ಕಳಿಸಿಬಂದೆವು. ಅಪ್ಪ ಒಂದು ಹೊಸ ಧೋತರ ಹೊದಿಸಿದರು. ಕಾಕಾ ತಮ್ಮನ ಕೈಗೆ ಕೊಡತಿ ಕೊಟ್ಟು, ಬೇರೇನೂ ಉಪದೇಶ ಮಾಡದೆ, "ಕೈ ನಿಲ್ಸು" ಎಂದಷ್ಟೇ ಹೇಳಿ ನಡೆದರು. ಮನೆಯಲ್ಲಿ ಉಳಿದವರು ತಮ್ಮ, ಅವನ ಹೆಂಡತಿ ಮಕ್ಕಳು, ಮತ್ತು ಕಾಕಾನ ಹೆಂಡತಿ. ಆಕೆಗೆ ಮಕ್ಕಳಿರಲಿಲ್ಲ. ನಮ್ಮವ್ವನಿಗೆ ಆಕೆ ತಂಗಿ, ಆಕೆಗೆ ಅವ್ವ ಅಕ್ಕಾರ.

ಆ ವರ್ಷ ಹಜ್ಜಿಗೆ ಹೋದವರು ತಿರುಗಿ ಬಂದರು, ಕಾಕಾ ಬರಲಿಲ್ಲ. ಮರುವರ್ಷದವರೂ ಬಂದರು. ಆಮೇಲೆ ಹುಬ್ಬಳ್ಳಿಯ ಕಡೆಯ ಒಬ್ಬ ಅತ್ತರು ಮಾರುವವನು ಬಂದು, ತನ್ನ ಪೆಟ್ಟಿಗೆ ಬಿಚ್ಚುವ ಮೊದಲೇ ಸುದ್ದಿ ಬಿಚ್ಚಿದ: ಆ ವರ್ಷ ಹಡಗಿನಲ್ಲಿ ವಾಂತಿಭೇದಿ ಹೊಕ್ಕಿತ್ತಂತೆ, ಬಹಳ ಜನ ಹೋದರಂತೆ, ಗಜೇಂದ್ರಗಡದ ಕಡೆಯ ಒಬ್ಬ ಪಿಂಜಾರನೂ ಹೋದನಂತೆ. ಕಾಕಾನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿ, "ಅಂತ ಅಂತ ಅನ್ನೂದು ಮುಗೀತನು? ಮಜ್ಜಿಗಿ ಕೊಡ್ಲ್ಯಾ, ಊಟಾ ಮಾಡ್ತೀರ್ಯಾ?" ಎಂದು ಕೇಳಿ ಒಳಗೆ ಹೋದಳು.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಎದುರಿನ ಬಿಲ್ಲು ನಿಂತಿತು. ಸಣ್ಣ ಪಿಂಜಾರನ ಬಿಲ್ಲು ನಿಲ್ಲುವುದೇ ಅಪರೂಪ. ಅಪ್ಪ ಅಳೆಯುತ್ತಿದ್ದ ಗಜವನ್ನು ಅರ್ಧಕ್ಕೇ ಹಿಡಿದು ಕಿವಿಗೊಟ್ಟರು. ಸಂತರ ಹೆಸರಿನ ಹೊತ್ತು ದಾಟಿತು, ಪೈಗಂಬರರ ಹೆಸರಿನದೂ ದಾಟಿತು. ನಿಂತದ್ದು ಮತ್ತೆ ಶುರುವಾಗಲೇ ಒಲ್ಲದು.

"ಇದು ಯಾರದೋ ಹೊಸಾ ಹೆಸರು" ಎಂದರು ಅಪ್ಪ.

ಹೌದು. ಗಾದಿಯ ಗಿರಾಕಿಯೊಬ್ಬನ ಜೊತೆ ಮಾತಾಡುತ್ತ, ಅಣ್ಣನ ಹೆಸರು ಬಂದಾಗ, ಅವನು ಕೊಡತಿ ಕೆಳಗಿಟ್ಟು, ಎದೆಗೆ ಕೈ ಇಟ್ಟು, 'ರಹಮತುಲ್ಲಾಹಿ ಅಲೈಹಿ' ಎಂದಿದ್ದ. ಬದುಕೆಲ್ಲ ಕೈ ನಿಲ್ಲಿಸದವನು ಅಣ್ಣನಿಗಾಗಿ ಕೈ ನಿಲ್ಲಿಸಿದ್ದ. ಮತ್ತೆ ಎತ್ತಲು ಅವನಿಗೆ ಆಗಿರಲಿಲ್ಲ.

ಒಳಗಿನಿಂದ ವೈನಿ, ಕಾಕಾನ ಹೆಂಡತಿ, ಬಂದಳು. ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಇತ್ತು.

"ಏನಂದಿ?"

"ವೈನೀ, ಎಷ್ಟ ದಿನಾ ಹಿಂಗ? ಸತ್ತವ್ರಿಗೆ ದುವಾ ಮುಟ್ಟಬೇಕು. ನಾವು ತಡಾ ಮಾಡಿದ್ರ ಅಣ್ಣ ಅಲ್ಲಿ ಕಾಯ್ಕೋತ ಕುಂತಿರ್ತಾನ."

"ಕಾಯ್ಲಿ. ನಾನೂ ಇಲ್ಲೆ ಕಾಯಾಕತ್ತೀನಿ."

ನೋಡುವವರಿಗೆ ಇದು ಒಂದು ಮಾತಿನ ಜಗಳ. ಆಕೆಗೆ ಹಾಗಲ್ಲ. ಆ ಮಾತು ಒಮ್ಮೆ ಓಣಿಯ ಬಾಯಿಗೆ ಹತ್ತಿತೆಂದರೆ ಆಕೆ ಗಂಡನಿಲ್ಲದವಳು. ಮರುದಿನವೇ ಯಾರಾದರೂ ಹಿರಿಯಳು ಬಂದು ಬಳೆಯ ಮಾತೆತ್ತುತ್ತಾಳೆ, ಗುರುವಾರದ ಫಾತೆಹಾದಲ್ಲಿ ಸತ್ತವರ ಸಾಲಿಗೆ ಕಾಕಾನ ಹೆಸರು ಕೂಡುತ್ತದೆ, ಆಮೇಲೆ ದಾರಿ ನೋಡುವ ಹಕ್ಕೂ ಆಕೆಗೆ ಇರುವುದಿಲ್ಲ. ತಮ್ಮನಿಗೂ ಅದು ಜಗಳವಲ್ಲ. ಅಣ್ಣನ ಪಾಲಿನ ಪ್ರಾರ್ಥನೆಯನ್ನು ತಾನು ಹಿಡಿದಿಟ್ಟುಕೊಂಡು ಕೂತಿದ್ದೇನೆಂಬ ಸಂಕಟದಲ್ಲಿ ಅವನು ಸರಿಯಾಗಿ ಉಣ್ಣುತ್ತಿರಲಿಲ್ಲ. ಓಣಿ ಎರಡಾಯಿತು. ನಮ್ಮ ಮಸೀದಿಯ ಮುಲ್ಲಾಸಾಹೇಬರು ಬಹಳ ಸಾಧು ಮನುಷ್ಯ. ಎರಡೂ ಕಡೆಯವರಿಗೆ ಹೌದು ಹೌದು ಎಂದು ತಲೆಯಾಡಿಸಿ ಕೊನೆಗೆ ಕುತ್ತಿಗೆ ನೋವು ಬಂದು, "ನರಗುಂದದ ಖಾಜಿಸಾಹೇಬ್ರನ್ನ ಕೇಳ್ರಿ" ಎಂದು ಕೈ ತೊಳೆದುಕೊಂಡರು.

ನರಗುಂದಕ್ಕೆ ನಮ್ಮ ಅಂಗಡಿಯ ಗಾಡಿ ಹೋಗುವುದಿತ್ತು. ಆಗಷ್ಟೇ ಮದುವೆಯಾಗಿ ಜವಾಬುದಾರ ಮನುಷ್ಯನೆಂದು ಎಣಿಕೆಗೆ ಬಂದಿದ್ದ ನಾನು ಗಾಡಿ ಹೊಡೆಯಬೇಕೆಂದಾಯಿತು. ತಂಗಿ ಒಬ್ಬಳೇ ಹೋಗಬಾರದೆಂದು ಅವ್ವ ಹತ್ತಿದಳು. ಅವ್ವ ಹೋದರೆ ಬುತ್ತಿಯ ಗಂಟು ಹೋಗಬೇಕು. ಬುತ್ತಿಯ ಗಂಟು ಹೋದ ಮೇಲೆ ಅರಿವೆ ಪಿಂಡಿಗೆ ಜಾಗ ಉಳಿಯಲಿಲ್ಲ. ಹೀಗೆ ವ್ಯಾಪಾರಕ್ಕೆ ಹೊರಟ ಗಾಡಿ ಧರ್ಮಕ್ಕೆ ಹೊರಟಿತು. ಸಣ್ಣ ಪಿಂಜಾರ ಗಾಡಿಯಲ್ಲಿ ಕೂರಲು ಒಲ್ಲದೆ ಹಿಂದೆ ನಡೆದ. ರೋಣ ದಾಟಿದೆವು. ಬೆಳವಣಕಿಯ ಹತ್ತಿರ, ಎರೆಹೊಲದ ನಡುವೆ ಎತ್ತು ಬಿಚ್ಚಿದಾಗ, ಆಕೆ ಅವ್ವನಿಗೆ, "ಅಕ್ಕಾರ, ಅವಂಗ ಎರಡು ರೊಟ್ಟಿ ಜಾಸ್ತಿ ಕೊಡ್ರಿ. ನಾ ಕೊಟ್ರ ಉಣ್ಣಂಗಿಲ್ಲ" ಎಂದಳು. ಅವ್ವ ಕೊಟ್ಟಳು. ಅವನು ಉಂಡ. ಯಾರ ರೊಟ್ಟಿಯೆಂದು ಅವನಿಗೂ ಗೊತ್ತಿತ್ತು.

ಖಾಜಿಸಾಹೇಬರ ಮನೆ ನರಗುಂದದ ಗುಡ್ಡದ ಬುಡದಲ್ಲಿ. ಬಹಳ ವಯಸ್ಸಾದವರು. ಹಲ್ಲಿಲ್ಲದ ಬಾಯಿ, ಕಿವಿ ಮಾತ್ರ ಚುರುಕು. ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಹೆಂಗಸರು ಬಾಗಿಲ ಪಕ್ಕ ಕೂತರು. ತಮ್ಮ ನಿಂತೇ ಎಲ್ಲ ಹೇಳಿದ. ಅವರು ಕೇಳಿ ಮುಗಿಸಿ ಕೇಳಿದರು.

"ಮಣ್ಣು ಕೊಟ್ಟದ್ದು ನೀ ನೋಡಿದಿ?"

"ಇಲ್ರಿ."

"ನೋಡಿದವ್ರನ್ನ ನೋಡಿದಿ?"

"ಇಲ್ರಿ. ಹುಬ್ಬಳ್ಳಿ ಅತ್ತಾರ ಒಬ್ಬಾಂವ ಹೇಳಿದ. ಅವಂಗ ಪುಣೇದಾಗ ಯಾರೋ ಹೇಳಿದ್ರಂತ."

"ಅಂದ್ರ ನೀ ಸಾವು ನೋಡಿಲ್ಲ. ಅತ್ತಾರನ್ನ ನೋಡಿದಿ."

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಖಾಜಿಸಾಹೇಬರು ನಗಲಿಲ್ಲ. "ನೀ ಅಂದದ್ದು ಪಾಪ ಅಲ್ಲ. ಅಲ್ಲಾಹನ ಕರುಣಾ ಬದುಕಿದವ್ರಿಗೂ ಬೇಕು, ನನಗೂ ಬೇಕು. ಆದ್ರ ನಮ್ಮ ನಾಡಿನ ಕಿವಿಗೆ ಅದು ಸತ್ತವ್ರ ಮಾತು. ನೀ ಅದನ್ನ ಅಂದಾಗೆಲ್ಲ ಈಕಿ ಕಿವ್ಯಾಗ ಒಂದು ಹಿಡಿ ಮಣ್ಣು ಬೀಳ್ತದ. ಅಣ್ಣನ ಮ್ಯಾಲ ಪ್ರೀತಿಗೆ ವೈನಿ ಕಿವಿ ಯಾಕ ಮುಚ್ತಿ?"

ತಮ್ಮ ತಲೆ ತಗ್ಗಿಸಿದ. "ಹಂಗಾದ್ರ ಏನನ್ಲಿರಿ? ಸುಮ್ನ ಹೆಸರು ಹೇಳಾಕ ಮನಸ್ಸು ಒಪ್ಪೂದಿಲ್ಲ."

"ಸಲ್ಲಮಹುಲ್ಲಾಹ್ ಅನ್ನು. ಅಲ್ಲಾಹ್ ಅವನ್ನ ಸುರಕ್ಷಿತ ಇಡ್ಲಿ ಅಂತ. ಬದುಕಿದ ಹಿರ್ಯಾರಿಗೆ ಹೇಳೂ ಮಾತು."

"ಅವ ಖರೇನ ಹೋಗಿದ್ರ ಈ ದುವಾ ಪುಕ್ಕಟ ಹೋಗ್ತದಲ್ರಿ?"

"ದುವಾ ಪುಕ್ಕಟ ಹೋಗೂದಿಲ್ಲ. ಊರು ತಪ್ಪಿದ್ರೂ ಮುಟ್ಟಸಾಂವ ಅದಾನ."

ಕಾಕಾನ ಹೆಂಡತಿ ಆಗ ಮೊದಲ ಸಲ ಬಾಯಿಬಿಟ್ಟಳು. "ಎಲ್ಲಿತನಕರಿ ಇದು?"

"ಕಣ್ಣಾರೆ ನೋಡಿದವ್ರು ಬರೋತನಕ. ಇಲ್ಲಾ ಅವನ ಬರೋತನಕ. ನಡುವ ಯಾವ ಅತ್ತಾರ ಬಂದ್ರೂ ಅತ್ತರು ಅಷ್ಟ ತಗೋರಿ."

ತಿರುಗಿ ಬರುವಾಗ ಗಾಡಿಯಲ್ಲಿ ಒಂದು ಪಾಠಶಾಲೆಯೇ ನಡೆಯಿತು. ಆಕೆಗೆ ಆ ಮಾತನ್ನು ಬಾಯಿಗೆ ಕೂರಿಸಿಕೊಳ್ಳುವ ಆತುರ. ಆದರೆ ಒಂದು ತೊಡಕು. ಅದು ಹೆಸರಿನ ಹಿಂದೆ ಬರುವ ಮಾತು, ಗಂಡನ ಹೆಸರು ಹೇಳುವ ಹೆಂಗಸು ನಮ್ಮ ಸೀಮೆಯಲ್ಲಿ ಯಾವ ಜಾತಿಯಲ್ಲೂ ಇರಲಿಲ್ಲ. ಅವ್ವ ಈ ಧರ್ಮಸೂಕ್ಷ್ಮವನ್ನು ಕೂಡಲೇ ಬಗೆಹರಿಸಿದಳು.

"ಅವ್ರು ಅಂದು ಅದರ ಹಿಂದ ಹಚ್ಚು. ಯಾರಂತ ಮ್ಯಾಲಿನವಂಗ ಗೊತ್ತಿಲ್ಲೇನು?"

"ಅವ್ರು, ಸಲ್ಲಮಹುಲ್ಲಾಹ್" ಎಂದಳು ಆಕೆ, ಮೆಲ್ಲಗೆ, ರುಚಿ ನೋಡುವ ಹಾಗೆ. ಆಮೇಲೆ ಕೇಳಿದಳು, "ನೀವೂ ಅಂತೀರೇನ್ರಿ ಅಕ್ಕಾರ?"

"ಇಬತ್ತಿ ಹಚ್ಚಿದ ಬಾಯಿಲೆ ಅಂದ್ರ ನಡೀತದೇನವಾ?"

"ಇಬತ್ತಿ ಹಣಿಗೆ ಐತ್ರಿ, ಬಾಯಿಗೆಲ್ಲೈತಿ?"

ಹೀಗೆ ನಮ್ಮ ಮನೆಗೂ ಆ ಮಾತು ಬಂತು. ಅವ್ವ ಕಾಕಾನ ಪ್ರಸ್ತಾಪ ಬಂದಾಗೆಲ್ಲ ಅದನ್ನು ಹಚ್ಚುತ್ತಿದ್ದಳು. ಅವಳ ಬಾಯಲ್ಲಿ ಅದರ ಆಕಾರ ತುಸು ಬದಲಾಗಿತ್ತು, ಭಕ್ತಿ ಮಾತ್ರ ಅಷ್ಟೇ ಇತ್ತು. ಅಪ್ಪ ಅನ್ನುತ್ತಿರಲಿಲ್ಲ. ಅವ್ವ ಅನ್ನುವಾಗ ಗಜ ಹಿಡಿದ ಕೈ ನಿಲ್ಲಿಸುತ್ತಿದ್ದರು. ಎದುರಿನ ಪಡಸಾಲೆಯಲ್ಲಿ ಸಣ್ಣ ಪಿಂಜಾರನೂ ಅಣ್ಣನ ಹೆಸರಿಗೆ ಕೈ ನಿಲ್ಲಿಸಿ ಸಲ್ಲಮಹುಲ್ಲಾಹ್ ಎನ್ನುತ್ತಿದ್ದ. ನಂಬಿಕೆಯಿಂದಲ್ಲ, ಖಾಜಿಸಾಹೇಬರ ಮೇಲಿನ ಮರ್ಯಾದೆಯಿಂದ. ಆ ನಿಲುಗಡೆಯ ಉದ್ದವೂ ನಮಗೆ ಪಾಠವಾಯಿತು. ಪೈಗಂಬರರ ಹೆಸರಿಗೆ ಮಾತ್ರ ಅವನ ಕೈ ಹಳೆಯ ಚಾಳಿಯಂತೆ ಓಡುತ್ತಲೇ ಇತ್ತು. ಅದನ್ನು ತಿದ್ದಬೇಕಾದವರು ಊರಲ್ಲಿರಲಿಲ್ಲ.

ಆಮೇಲೆ ನರಗುಂದದ ಗದ್ದಲ ಬಂತು. ದಾರಿಗಳು ಕಟ್ಟಿದವು. ಕತ್ತಿ ಭರ್ಚಿ ಇದ್ದವರೆಲ್ಲ ಒಪ್ಪಿಸಬೇಕೆಂದು ಡಂಗುರವಾದ ಕಾಲ. ಗಾದಿ ತುಂಬಲು ರೋಣಕ್ಕೆ ಬಿಲ್ಲು ಹೊತ್ತು ಹೋಗಿದ್ದ ಸಣ್ಣ ಪಿಂಜಾರನನ್ನು ಒಬ್ಬ ಪೇದೆ ತಡೆದು, ಇಷ್ಟುದ್ದ ಬಿಲ್ಲಿಗೆ ಬಾಣ ಎಲ್ಲಿ ಎಂದು ಕೇಳಿದನಂತೆ. ಇವನು ಅಲ್ಲೇ ಕೂತು ಅವನ ತಲೆದಿಂಬು ಬಿಚ್ಚಿ ಹಿಂಜಿ ತೋರಿಸಿ ಬಂದ. ಹಜ್ಜಿನವರ ಸುದ್ದಿಯಂತೂ ನಿಂತೇಹೋಯಿತು. ಬಂದುಹೋಗುವವರು ಕಾಕಾನ ಹೆಂಡತಿಯ ಬಳೆಗಳನ್ನು ನೋಡಿ ನೋಡದ ಹಾಗೆ ಮಾಡುತ್ತಿದ್ದರು. ಆಕೆಯೂ ಕಾಣುವ ಹಾಗೆ ಸೆರಗು ಹಿಂದಕ್ಕೆ ಸರಿಸಿ ಕೂರುತ್ತಿದ್ದಳು.

ಗದ್ದಲ ಅಡಗಿದ ಮೇಲಿನ ಬೇಸಿಗೆ. ಮಧ್ಯಾಹ್ನದ ಜೋಹರ ನಮಾಜಿಗೆ ಸಣ್ಣ ಪಿಂಜಾರ ಮಸೀದಿಗೆ ಹೋಗಿದ್ದ. ಆಕೆ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು. ಅಂಗಡಿಯಲ್ಲಿ ಅಪ್ಪ ತೂಕಡಿಸುತ್ತಿದ್ದರು. ಕಪ್ಪಗೆ ಒಣಗಿದ, ಕೋಲೂರಿದ ಯಾರೋ ಮುದುಕ ಎದುರಿನ ಪಡಸಾಲೆ ಹತ್ತಿದ್ದು ನನಗೆ ಕಂಡಿತು. ಭಿಕ್ಷೆಯವನಿರಬೇಕೆಂದುಕೊಂಡೆ. ಅವನು ಯಾರನ್ನೂ ಕರೆಯಲಿಲ್ಲ. ಅರ್ಧ ಹಿಂಜಿ ಬಿಟ್ಟ ಹತ್ತಿಯ ಗುಡ್ಡೆಯನ್ನು ನೋಡುತ್ತ ನಿಂತು, ಕೈಯಿಂದ ಮುಟ್ಟಿ, ಇಷ್ಟು ಒರಟಾಗಿ ಯಾರು ಹಿಂಜಿದರು ಎಂಬಂತೆ ತಲೆಯಾಡಿಸಿ, ಕೂತ.

ಒಂದು ಠಂಯ್. ಆಮೇಲೆ ಏನೂ ಇಲ್ಲ.

ಅಪ್ಪ ಕಣ್ಣು ತೆರೆದರು. ಮೌನ ಉದ್ದವಾಗುತ್ತ ಹೋಯಿತು. ಒಂದಕ್ಷರವೂ ನುಂಗದೆ ಪೂರ್ತಿ ಹೇಳಿ ಮುಗಿಸಿ ಒಂದು ಉಸಿರು ಬಿಡುವಷ್ಟು ಉದ್ದ. ಆಮೇಲೆ ಮಳೆ ಹಿಡಿಯಿತು.

"ಇದು ತಮ್ಮಂದಲ್ಲ" ಎಂದರು ಅಪ್ಪ. ಕಾಲಿಗೆ ಮೆಟ್ಟು ಸಿಗದೆ ಬರಿಗಾಲಲ್ಲೇ ಓಣಿಗಿಳಿದರು.

ನಾವು ಹೋಗುವಷ್ಟರಲ್ಲಿ ಆಕೆ ಹಿತ್ತಲಿಂದ ಬಂದು ಒಳಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈ, ಮೊಣಕೈ ತನಕ ನೊರೆ. ಆಕೆಯೂ ಕಂಡು ಬಂದವಳಲ್ಲ, ಕೇಳಿ ಬಂದವಳು. ಹತ್ತಿಯ ಹೊಗೆ ಇಳಿಯುವ ತನಕ ನೋಡುತ್ತ ನಿಂತು, ಹೇಳಿದಳು:

"ಕೈಕಾಲು ತೊಳಕೊಳ್ದ ಕುಂತ್ರ್ಯಲ್ಲಾ."

"ಹತ್ತಿ ಕೆಡಿಸ್ಯಾನ" ಎಂದರು ಕಾಕಾ.

ಜಿದ್ದಾ ಬಂದರದಲ್ಲಿ ಕಾಯಿಲೆ ಬಿದ್ದದ್ದು, ಹಡಗಿನಲ್ಲಿ ಸತ್ತವನು ಬೇರೆ ಊರಿನ ಪಿಂಜಾರನಾಗಿದ್ದದ್ದು, ಮುಂಬಯಿಯಲ್ಲಿ ಗಾದಿ ತುಂಬಿ ಹೊಟ್ಟೆ ಹೊರೆದುಕೊಂಡು ಮೈಯಲ್ಲಿ ನಡೆಯುವ ತ್ರಾಣ ಬರುವ ತನಕ ಇದ್ದದ್ದು, ಗದ್ದಲದಲ್ಲಿ ದಾರಿ ಸಿಗದೆ ಮತ್ತೆ ಉಳಿದದ್ದು, ಇದೆಲ್ಲ ಆಮೇಲೆ ಸ್ವಲ್ಪಸ್ವಲ್ಪವಾಗಿ, ಕೊಡತಿಯ ಪೆಟ್ಟಿನ ನಡುವೆ ತಿಳಿದದ್ದು. ಆ ಮಧ್ಯಾಹ್ನ ಸಣ್ಣ ಪಿಂಜಾರ ಮಸೀದಿಯಿಂದ ಓಡಿಬಂದು ಅಣ್ಣನ ಕಾಲ ಹತ್ತಿರ ಕೂತು ಬಹಳ ಹೊತ್ತು ಅತ್ತ. ಅಳು ಮುಗಿದ ಮೇಲೆ, ಬೇರೆಯವರಿಂದ ತಿಳಿಯುವುದಕ್ಕಿಂತ ತಾನೇ ಹೇಳುವುದು ಮೇಲೆಂದು, ರಹಮತುಲ್ಲಾಹಿ ಅಲೈಹಿಯ ಸಂಗತಿ ಹೇಳಿದ. ಬದುಕಿರುವಾಗಲೇ ತನಗೆ ಸಂದ ಆ ಮರ್ಯಾದೆಯನ್ನು ಕಾಕಾ ಗಡ್ಡದಲ್ಲಿನ ಹತ್ತಿ ತೆಗೆಯುತ್ತ ಯೋಚಿಸಿದರು.

"ಬಡಕೋತ ಅಂದ್ಯೋ, ಕೈ ನಿಲ್ಸಿ ಅಂದ್ಯೋ?"

"ನಿಲ್ಸಿ ಅಂದ್ನಿ ಅಣ್ಣಾ."

"ಹಂಗಾದ್ರ ಚಲೋ ಆತು. ಅದನ್ನ ತಿರುಗಿ ತಗೋಬ್ಯಾಡ, ಇರ್ಲಿ. ಮುಂದ ಬೇಕಾಗ್ತದ."

ಆಕೆ ಮಾತ್ರ ತನ್ನ ಮಾತನ್ನು ಕೊನೆಗೂ ಬಿಡಲಿಲ್ಲ. ಗಂಡ ಎದುರಿಗೇ ಕೂತಿದ್ದರೂ ಅದು ಬಾಯಿಂದ ಇಳಿಯಲಿಲ್ಲ. ಎಷ್ಟೋ ವರ್ಷ ನಮ್ಮ ಅಂಗಡಿಯ ತನಕ ಕೇಳಿಸುತ್ತಿತ್ತು, ಬಿಲ್ಲಿನ ಸದ್ದಿನ ಮೇಲೆ, ಅವ್ವನನ್ನು ಕರೆದು ಹೇಳುವ ದೂರು:

"ನೋಡ್ರಿ ಅಕ್ಕಾರ, ಅವ್ರು, ಸಲ್ಲಮಹುಲ್ಲಾಹ್, ಇವತ್ತೂ ಅಂಗಳದ ತುಂಬ ಹತ್ತಿ ಹಾರಿಸಿ, ಒಗದದ್ದೆಲ್ಲಾ ಕೆಡಿಸ್ಯಾರ."